ಭಾನುವಾರ ಬೆಳಗಿನ ಅಂಕಿ

ನವೆಂಬರ್ ೨೦, ಮಂಗಳವಾರ

ಡಾಕ್ಟರ್ ಪೆಂಚೆವಾ ಒಂದು ನೋಟ್‌ಬುಕ್ ಇಡಲು ಹೇಳಿದ್ದಾರೆ. ದಿನಾ ಬೆಳಿಗ್ಗೆ ಮಗಳು ನೆವೆನಾ ಉಸಿರಿನ ಬಲ ಅಳೆಯುವ ಕೊಳವೆಯಲ್ಲಿ ಜೋರಾಗಿ ಊದಬೇಕು, ಮುಳ್ಳು ಎಲ್ಲಿಗೆ ಹೋಗಿ ನಿಂತಿತೋ ಆ ಅಂಕಿಯನ್ನು ನಾನು ಬರೆಯಬೇಕು. ಅವಳ ಎತ್ತರಕ್ಕೆ ಇನ್ನೂರೈವತ್ತು ಬಂದರೆ ಸರಿ. ಇನ್ನೂರರ ಕೆಳಗಿಳಿದರೆ ಫೋನ್ ಮಾಡಬೇಕು. ನೂರೈವತ್ತರ ಹತ್ತಿರ ಬಂದರೆ ಫೋನ್ ಮಾಡುತ್ತ ಕೂರಬಾರದು, ಆಸ್ಪತ್ರೆಗೆ ಹೊರಟುಬಿಡಬೇಕು.

ಇವತ್ತು ೨೩೦. ಬರೆದ ಮೇಲೆ ಪುಟದಲ್ಲಿ ಬೇಕಾದಷ್ಟು ಜಾಗ ಉಳಿಯಿತು. ಡಾಕ್ಟರಿಗೆ ಅಂಕಿಗಳನ್ನು ಬೇರೆ ಹಾಳೆಯಲ್ಲಿ ನಕಲು ಮಾಡಿ ಕೊಟ್ಟರಾಯಿತು. ಉಳಿದ ಜಾಗ ನನಗೆ.

ನೆವೆನಾಳ ಉಬ್ಬಸಕ್ಕೆ ಒಂಬತ್ತು ದಿನ ಆಸ್ಪತ್ರೆಯಲ್ಲಿದ್ದು ನಿನ್ನೆ ಮನೆಗೆ ಬಂದೆವು. ನನ್ನ ಗಂಡ ಯಾವೋರ್ ಆಸ್ಪತ್ರೆಯ ಗೇಟಿನ ಹೊರಗೆ ಇಪ್ಪತ್ತು ನಿಮಿಷ ಮೊದಲೇ ಕಾರು ಶುರು ಮಾಡಿ ಇಟ್ಟಿದ್ದ. "ಸೀಟು ಮುಟ್ಟಿ ನೋಡು ಪುಟ್ಟಿ, ಈಗ ತಾನೇ ಒಲೆಯಿಂದ ತೆಗೆದ ಬ್ರೆಡ್ಡಿನ ಥರ ಇದೆ" ಎಂದ. ಒಂಬತ್ತು ವರ್ಷದ ಹುಡುಗಿ, ಅಪ್ಪನ ಮಾತಿಗೆ ಹತ್ತು ದಿನಗಳ ನಂತರ ನಕ್ಕಳು.

ವಾರಕ್ಕೊಮ್ಮೆಯಾದರೂ ಮಗುವನ್ನು ವಿತೋಶಾ ಬೆಟ್ಟಕ್ಕೆ ಕರೆದುಕೊಂಡು ಹೋಗಿ, ಸೋಫಿಯಾದ ಈ ಹವೆಯಿಂದ ನಾಲ್ಕು ಗಂಟೆ ದೂರ ಇಡಿ ಎಂದಿದ್ದಾರೆ ಡಾಕ್ಟರು. ಶನಿವಾರ ನನಗೆ ಟ್ರಾಲಿಬಸ್ ಬಿಟ್ಟು ಬರಲಾಗುವುದಿಲ್ಲ, ಬೆಳಿಗ್ಗೆಯಿಂದ ಸಂಜೆಯವರೆಗೆ ಐದನೇ ನಂಬರ್ ಓಡಿಸಬೇಕು. ಯಾವೋರ್ ಯೋಚನೆಯನ್ನೇ ಮಾಡಲಿಲ್ಲ. "ನಾನು ಕರ್ಕೊಂಡು ಹೋಗ್ತೀನಿ. ಒಂದು ದಿನ ಗ್ಯಾರೇಜ್ ಮುಚ್ಚಿದ್ರೆ ಆಕಾಶ ಕಳಚಿ ಬೀಳಲ್ಲ."

ಹದಿನೈದು ವರ್ಷದಲ್ಲಿ ಇವನನ್ನು ನಾನು ಬಾಯ್ತುಂಬ ಹೊಗಳಿದ್ದೇ ಇಲ್ಲ. ಇಲ್ಲಾದರೂ ಬರೆದಿಡುತ್ತೇನೆ.

ನವೆಂಬರ್ ೨೫, ಭಾನುವಾರ

೧೯೫.

ನಿನ್ನೆ ಇಬ್ಬರೂ ಬೆಟ್ಟಕ್ಕೆ ಹೋಗಿ ಬಂದರು. ಮಗು ದಣಿದು ಊಟ ಮಾಡುತ್ತಲೇ ತೂಕಡಿಸಿತು. ಇವತ್ತು ಅಂಕಿ ಏರಿರುತ್ತದೆ ಎಂದು ಕಾದಿದ್ದೆ, ಇಳಿದಿದೆ.

ಡಾಕ್ಟರಿಗೆ ಫೋನ್ ಮಾಡಿದೆ. ಮನೆಯ ಹತ್ತಿರ ಯಾರಾದರೂ ಕಲ್ಲಿದ್ದಲು, ಕಟ್ಟಿಗೆ ಉರಿಸುತ್ತಾರಾ ಎಂದು ಕೇಳಿದರು. ನಾನು ಯೋಚಿಸುವ ಮೊದಲೇ ಯಾವೋರ್ ಕಿಟಕಿಯಾಚೆ ಬೆರಳು ಮಾಡಿದ. ನಮ್ಮ ಕಟ್ಟಡದ ಹಿಂದೆ ತ್ಸೋನಾ ಅಜ್ಜಿಯ ಒಂಟಿ ಮನೆಯಿದೆ. ಅದರ ಹೊಗೆಕೊಳವೆಯಿಂದ ಹಳದಿ ಹೊಗೆ ಏಳುತ್ತಿತ್ತು.

"ಶನಿವಾರ ಬಂದ್ರೆ ಸಾಕು, ಅಜ್ಜಿ ಸಿಕ್ಕಿದ್ದನ್ನೆಲ್ಲ ಸುಡ್ತಾಳೆ. ಮುರಿದ ಬೀರು, ಬಣ್ಣ ಹಚ್ಚಿದ ಹಲಗೆ. ಅದೆಲ್ಲ ನಮ್ಮ ಕಿಟಕಿಗೇ ಬರುತ್ತೆ."

ಇಷ್ಟು ದಿನ ನನ್ನ ಕಣ್ಣಿಗೇ ಬಿದ್ದಿರಲಿಲ್ಲ.

ಡಿಸೆಂಬರ್ ೨, ಭಾನುವಾರ

ಸೋಮವಾರದಿಂದ ಶುಕ್ರವಾರದವರೆಗೆ ೨೩೦, ೨೩೫. ಇವತ್ತು ೧೯೦. ಹೋದ ವಾರದ್ದೇ ಕಥೆ.

ಸ್ಕೂಲಿನ ತಾಯಂದಿರು ಶುದ್ಧ ಗಾಳಿಗಾಗಿ ಒಂದು ಗುಂಪು ಕಟ್ಟಿದ್ದಾರೆ. ಅದರ ಮುಂದಾಳು ಇಸ್ಕ್ರಾ, ನನ್ನ ಜೊತೆ ಓದಿದವಳು. ವಿಷಯ ಹೇಳಿದೆ. "ನಗರಸಭೆಗೆ ಒಂದು ಫೋನ್ ಮಾಡು ರೋಸಿ. ನಿನ್ನ ಹೆಸರು ಕೇಳಲ್ಲ. ಅಜ್ಜಿ ಪಾಪ ಅಂತ ನೀನು ಸುಮ್ನಿದ್ರೆ ನಿನ್ನ ಮಗಳ ಶ್ವಾಸಕೋಶಕ್ಕೆ ಯಾರು ಪಾಪ ಅಂತಾರೆ?"

ಡಿಸೆಂಬರ್ ೬, ಗುರುವಾರ

ಬೆಳಿಗ್ಗೆ ಡಿಪೋದಿಂದ ಫೋನ್ ಮಾಡಿದೆ. ಬೀದಿ, ಮನೆ ನಂಬರ್, ಏನು ಸುಡುತ್ತಾರೆ, ಯಾವ ದಿನ. ಹೆಸರು ಕೇಳಲಿಲ್ಲ.

ಮಧ್ಯಾಹ್ನ ಮನೆಗೆ ಬಂದರೆ ಬಾಗಿಲ ಬಳಿ ತಟ್ಟೆ. ಸಂತ ನಿಕೋಲಾಸ್ ಹಬ್ಬವಲ್ಲವೇ, ತ್ಸೋನಾ ಅಜ್ಜಿ ಪ್ರತಿವರ್ಷದ ಹಾಗೆ ಅಕ್ಕಿ, ಅಕ್ರೋಟು ತುಂಬಿ ಸುಟ್ಟ ಮೀನು ಕಳಿಸಿದ್ದಾಳೆ, ಮೇಲೆ ಬಟ್ಟೆ ಮುಚ್ಚಿ. ನೆವೆನಾ ಚಪ್ಪರಿಸಿಕೊಂಡು ತಿಂದಳು. ನನಗೆ ಹಸಿವಿರಲಿಲ್ಲ.

ಡಿಸೆಂಬರ್ ೧೪, ಶುಕ್ರವಾರ

ಇಬ್ಬರು ಬಂದು ಅಜ್ಜಿಯ ಒಲೆಯ ಬೂದಿ ತೆಗೆದುಕೊಂಡು ಹೋದದ್ದು ಸೋಮವಾರ. ಬೂದಿಯಲ್ಲಿ ಬಣ್ಣ, ಅಂಟು ಸಿಕ್ಕಿತಂತೆ. ಇವತ್ತು ದಂಡ ಹಾಕಿ, ಒಲೆ ಹೊತ್ತಿಸಬಾರದೆಂದು ಬರೆಸಿಕೊಂಡು ಹೋದರು. ನಾನು ಪರದೆಯ ಹಿಂದೆ ನಿಂತು ನೋಡುತ್ತಿದ್ದೆ. ಅಜ್ಜಿ ಅವರನ್ನು ಗೇಟಿನವರೆಗೆ ಬಂದು ಕಳಿಸಿಕೊಟ್ಟಳು, ಮನೆಗೆ ಬಂದ ನೆಂಟರನ್ನು ಕಳಿಸಿದ ಹಾಗೆ.

ಇಸ್ಕ್ರಾ ಗುಂಪಿಗೆಲ್ಲ ಸುದ್ದಿ ಹಾಕಿದಳು. ಮೂವತ್ತು ಜನ ಶಭಾಷ್ ಅಂದರು.

ಡಿಸೆಂಬರ್ ೧೬, ಭಾನುವಾರ

೧೮೫. ಒಲೆ ಆರಿ ಎರಡು ದಿನವಾಯಿತು.

"ಹೊಗೆ ಗೋಡೆಲಿ, ಪರದೆಲಿ ಕೂತಿರುತ್ತೆ ಕಣೇ. ಹೋಗೋಕೆ ವಾರಗಟ್ಟಲೆ ಬೇಕು" ಎಂದ ಯಾವೋರ್. ಪರದೆಗಳನ್ನೆಲ್ಲ ಬಿಚ್ಚಿ ಒಗೆಯಲು ಹಾಕಿದೆ. ಯಂತ್ರಗಳ ವಿಷಯ ತಿಳಿದವನು, ಹೊಗೆಯ ವಿಷಯವೂ ಗೊತ್ತಿರುತ್ತದೆ.

ಜನವರಿ ೧, ಮಂಗಳವಾರ

೨೫೦. ಮೊಟ್ಟಮೊದಲ ಬಾರಿ!

ಹಬ್ಬಕ್ಕೆ ಎರಡು ವಾರ ಗ್ಯಾರೇಜ್ ಮುಚ್ಚಿದೆ. ನನಗೂ ನಾಲ್ಕು ದಿನ ರಜೆ ಸಿಕ್ಕಿತು. ಹೊರಗೆ ಮಂಜು, ಬೆಟ್ಟ ಬೇಡವೆಂದು ಎಲ್ಲರೂ ಮನೆಯಲ್ಲೇ ಇದ್ದೆವು. ಹೊಸ ವರ್ಷದ ವಾಡಿಕೆಯಂತೆ ಬಾನಿತ್ಸಾ ಎಂಬ ಚೀಸಿನ ಪದರು ರೊಟ್ಟಿಯೊಳಗೆ ಭವಿಷ್ಯದ ಚೀಟಿಗಳನ್ನಿಟ್ಟು ಬೇಯಿಸಿದ್ದೆ. ನೆವೆನಾಗೆ "ಆರೋಗ್ಯ" ಬಂತು. ಅದು ಅವಳಿಗೇ ಬರಲಿ ಎಂದು ಆ ತುಂಡನ್ನು ನಾನೇ ಅವಳ ಕಡೆ ತಿರುಗಿಸಿದ್ದೆ.

ಒಲೆ ಆರಿದ್ದರ ಫಲ ಈಗ ಕಾಣುತ್ತಿದೆ. ನಾನು ಮಾಡಿದ್ದು ಸರಿ.

ಅಜ್ಜಿಯ ಕಿಟಕಿಗಳಲ್ಲಿ ಒಂದರಲ್ಲಿ ಮಾತ್ರ ದೀಪ. ಅಡುಗೆಮನೆಯೊಂದನ್ನೇ ಕರೆಂಟಿನ ಹೀಟರಿನಿಂದ ಬಿಸಿ ಮಾಡಿಕೊಂಡು ಅಲ್ಲೇ ಮಲಗುತ್ತಾಳಂತೆ.

ಜನವರಿ ೧೩, ಭಾನುವಾರ

೧೮೦.

ಏನೂ ಅರ್ಥವಾಗುತ್ತಿಲ್ಲ. ನಿನ್ನೆ ಮತ್ತೆ ಬೆಟ್ಟಕ್ಕೆ ಹೋಗಿ ಬಂದಳು. ಪೈನ್ ಕಾಯಿ ಕೂಡ ತಂದಿದ್ದಾಳೆ. ಅಲ್ಲಿ ಏನು ನೋಡಿದೆ ಎಂದು ಕೇಳಿದರೆ "ಹಿಮ" ಅಂದಳು. ಇನ್ನೇನು ಅಂದರೆ ಅಪ್ಪನ ಮುಖ ನೋಡಿದಳು.

ಜನವರಿ ೨೦, ಭಾನುವಾರ

೧೫೫.

ಎರಡನೇ ಸಲ ಊದಲು ಆಗಲಿಲ್ಲ. ತುಟಿ ಬಣ್ಣಗೆಟ್ಟಿತ್ತು. ಯಾವೋರ್ ಅವಳನ್ನು ಹೊದಿಕೆಯ ಸಮೇತ ಎತ್ತಿಕೊಂಡು ಮೆಟ್ಟಿಲಿಳಿದ.

ಆಸ್ಪತ್ರೆಯಲ್ಲಿ ಮುಖಕ್ಕೆ ಮಾಸ್ಕ್ ಹಾಕಿ ಔಷಧಿಯ ಹಬೆ ಕೊಟ್ಟರು. ಡಾಕ್ಟರ್ ಪೆಂಚೆವಾ ರಜೆಯಲ್ಲಿದ್ದವರು ಬಂದರು.

"ನಿನ್ನೆ ಮಗು ಎಲ್ಲಿತ್ತು?"

"ಬೆಟ್ಟದಲ್ಲಿ ಡಾಕ್ಟರೇ. ಮಧ್ಯಾಹ್ನದವರೆಗೂ ಅಲ್ಲೇ ಇದ್ವಿ" ಎಂದ ಯಾವೋರ್.

"ಬೇರೆ ಎಲ್ಲೂ ಹೋಗಿಲ್ವಾ? ಸರಿಯಾಗಿ ನೆನಪು ಮಾಡ್ಕೊಳಿ. ಧೂಳು, ಬಣ್ಣ, ಹೊಗೆ?"

"ಇಲ್ಲ."

ಮಾಸ್ಕಿನ ಮೇಲಿಂದ ನೆವೆನಾ ಅಪ್ಪನನ್ನೇ ನೋಡುತ್ತಿದ್ದಳು. ಹೆದರಿದ್ದಾಳೆ ಎಂದುಕೊಂಡೆ. ಸಂಜೆ ಉಸಿರು ಹದಕ್ಕೆ ಬಂತು. ಐದು ದಿನ ಅಲ್ಲೇ ಇರಬೇಕು.

ಜನವರಿ ೨೩, ಬುಧವಾರ

ಹೇಗೆ ಬರೆಯಲಿ. ನಡೆದ ಹಾಗೇ ಬರೆಯುತ್ತೇನೆ.

ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ದೊಡ್ಡ ಚೌಕದ ತಿರುವಿನಲ್ಲಿ ನನ್ನ ಟ್ರಾಲಿಗೆ ಕರೆಂಟ್ ಕೊಡುವ ಕೋಲುಗಳು ಮೇಲಿನ ತಂತಿಯಿಂದ ಜಾರಿದವು. ಅಡ್ಡ ನಿಲ್ಲಿಸಿದ್ದ ಕಾರೊಂದನ್ನು ಬಳಸಿ ಹೋಗಬೇಕಾಗಿತ್ತು, ಹಾಗಾಗಿ. ಕೈಗವಸು ಹಾಕಿಕೊಂಡು ಇಳಿದು, ಹಿಂದೆ ಹೋಗಿ ಹಗ್ಗ ಎಳೆಯುತ್ತಿದ್ದೆ. ನನ್ನ ಪಕ್ಕಕ್ಕೆ ಬಂದು ನಿಂತ ಒಂದು ನೀಲಿ ಕಾರು ಬುಸ್ಸೆಂದು ಕಪ್ಪು ಹೊಗೆ ಬಿಟ್ಟಿತು. ಬಾಯೆಲ್ಲ ಕಹಿಯಾಯಿತು. ಹೋಗಿ ಗಾಜು ಬಡಿದೆ. ದಪ್ಪ ಮೀಸೆಯ, ನಗುಮುಖದ ಮನುಷ್ಯ ಗಾಜು ಇಳಿಸಿದ.

"ಗಾಡಿ ರಿಪೇರಿ ಮಾಡಿಸ್ಬಾರ್ದಾ? ಜನ ಉಸಿರಾಡ್ಬೇಕೋ ಬೇಡ್ವೋ?"

"ರಿಪೇರಿ ಮಾಡಿಸಿದ್ಮೇಲೇ ಹಿಂಗಕ್ಕಾ" ಎಂದು ನಕ್ಕ. "ಮಸಿ ತಡೆಯೋ ಫಿಲ್ಟರ್ ಇತ್ತಲ್ಲ, ಕಟ್ಕೊಂಡು ಪ್ರಾಣ ತಿಂತಿತ್ತು. ತೆಗೆಸಿ ಬಿಸಾಕ್ದೆ. ಈಗ ಕುದುರೆ ಥರ ಓಡುತ್ತೆ."

"ತಪಾಸಣೆಲಿ ಸಿಕ್ಕಿಬೀಳಲ್ವಾ?"

"ಡಬ್ಬ ಹಾಗೇ ಇರುತ್ತೆ. ಒಳಗಿನ ತಿರುಳು ಮಾತ್ರ ತೆಗೆದು ಮತ್ತೆ ವೆಲ್ಡ್ ಮಾಡ್ತಾನೆ, ಗೆರೆ ಕೂಡ ಕಾಣಲ್ಲ. ರೈಲು ಹಳಿ ಆಚೆ ಯಾವೋರ್ ಅಂತ ಇದಾನೆ. ಶನಿವಾರ ಪೂರ್ತಿ ಇದೇ ಕೆಲಸ, ಸಾಲಾಗಿ ನಿಂತಿರ್ತೀವಿ. ಒಳ್ಳೆ ಮನುಷ್ಯ. ಮಗಳೂ ಅಲ್ಲೇ ಕೂತ್ಕೊಂಡು ಪಾಠ ಬರೀತಿರ್ತಾಳೆ, ಜಾಣ ಮಗು. ಸ್ವಲ್ಪ ಕೆಮ್ಮು. ನಿಮ್ಮನೇಲಿ ಡೀಸೆಲ್ ಗಾಡಿ ಇದ್ರೆ ಹೋಗಿ, ನನ್ನ ಹೆಸರು ಹೇಳಿ."

ಹಿಂದಿನವರು ಹಾರ್ನ್ ಒತ್ತುತ್ತಿದ್ದರು. ಕೋಲುಗಳನ್ನು ತಂತಿಗೆ ಸೇರಿಸಿದೆ. ಕೊನೆಯ ನಿಲ್ದಾಣದವರೆಗೆ ಓಡಿಸಿದೆ. ಎಲ್ಲ ಕಡೆ ನಿಲ್ಲಿಸಿ ಬಾಗಿಲು ತೆಗೆದಿರಬೇಕು, ಯಾರೂ ಬೈಯಲಿಲ್ಲ.

ಕೊನೆಯ ನಿಲ್ದಾಣದಲ್ಲಿ ಚೀಲದಿಂದ ಈ ನೋಟ್‌ಬುಕ್ ತೆಗೆದೆ. ೧೯೫, ೧೯೦, ೧೮೫, ೧೮೦, ೧೫೫. ಎಲ್ಲ ಭಾನುವಾರ. ಹೊಸ ವರ್ಷಕ್ಕೆ ಗ್ಯಾರೇಜ್ ಮುಚ್ಚಿದ್ದಾಗ ೨೫೦. ನನ್ನ ಕೈಯಿಂದಲೇ ಬರೆದಿದ್ದೇನೆ.

ಜನವರಿ ೨೪, ಗುರುವಾರ

ಪಾಳಿ ಮುಗಿಸಿ ನೇರ ಗ್ಯಾರೇಜಿಗೆ ಹೋದೆ. ವರ್ಷಕ್ಕೊಮ್ಮೆಯೂ ನಾನು ಅಲ್ಲಿಗೆ ಹೋದವಳಲ್ಲ. ಗೋಡೆಗೆ ಒರಗಿಸಿ ಗೋಣಿಚೀಲಗಳಿದ್ದವು. ಒಂದರ ಬಾಯಿ ಬಿಚ್ಚಿದರೆ ಒಳಗೆ ಜೇನುಗೂಡಿನ ಹಾಗೆ ತೂತು ತೂತಾದ ಕಲ್ಲಿನಂಥ ತುಂಡುಗಳು, ಮಸಿ ಮೆತ್ತಿಕೊಂಡವು. ಎಷ್ಟೋ ಕಾರುಗಳ ಒಳಗಿನ ತಿರುಳು.

ಮೂಲೆಯಲ್ಲಿ ಗಾಜಿನ ಸಣ್ಣ ಕೋಣೆ. ಮೇಜು, ಬಣ್ಣದ ಪೆನ್ಸಿಲುಗಳು, ನೆವೆನಾಳ ಹಳೆಯ ಟೋಪಿ.

"ಬಾಗಿಲು ಹಾಕೇ ಇರ್ತಿದ್ದೆ ರೋಸಿ. ಒಳಗೆ ಏನೂ ಬರ್ತಿರ್ಲಿಲ್ಲ" ಎಂದ ಹಿಂದಿನಿಂದ.

ಮೇಜಿನ ಮೇಲೆ ಬೆರಳಾಡಿಸಿ ಅವನಿಗೆ ತೋರಿಸಿದೆ. ಅವನು ನನ್ನ ಬೆರಳನ್ನು ನೋಡಲಿಲ್ಲ.

"ಬೆಟ್ಟಕ್ಕೆ ಎಷ್ಟು ಸಲ ಹೋಗಿದೀರ?"

"ಮೊದಲನೇ ಶನಿವಾರ ಹೋಗೋಣ ಅಂತಲೇ ಹೊರಟ್ವಿ. ಒಬ್ಬ ಫೋನ್ ಮಾಡ್ದ. ಎರಡು ಗಂಟೆ ಕೆಲಸ ಅಂದ್ಕೊಂಡೆ. ಆಮೇಲೆ ಒಬ್ಬರಿಗೊಬ್ಬರು ಹೇಳಿ... ವಾರದ ದಿನ ಇದನ್ನ ಮಾಡೋಕಾಗಲ್ಲ, ಯಾರಾದ್ರೂ ಸಾಹೇಬರು ಬಂದುಬಿಡ್ತಾರೆ."

"ಪೈನ್ ಕಾಯಿ?"

"ಪಾರ್ಕಿನದು."

ನಾನು ಕೂಗಾಡಲಿಲ್ಲ. ಅವನೇ ದನಿ ಏರಿಸಿದ. "ಜರ್ಮನ್ನರು ಹದಿನೈದು ವರ್ಷ ಓಡಿಸಿ ಬಿಟ್ಟ ಗಾಡಿ ತಗೋತಾರೆ ಇಲ್ಲಿನ ಜನ. ಊರೊಳಗೆ ನಿಂತು ನಿಂತು ಓಡಿಸಿದ್ರೆ ಆ ಫಿಲ್ಟರ್ ಕಟ್ಟಿಕೊಳ್ಳದೇ ಇನ್ನೇನಾಗುತ್ತೆ? ಹೊಸದು ಹಾಕಿಸೋ ಶಕ್ತಿ ಇದ್ರೆ ಹೊಸ ಗಾಡಿನೇ ತಗೋತಿದ್ರು. ಕೆಲಸಕ್ಕೆ ಹೆಂಗೆ ಹೋಗ್ಬೇಕು ಅವರು? ನಿನ್ನ ಟ್ರಾಲಿ ಅವರ ಮನೆ ಹತ್ರ ಬರುತ್ತಾ? ನಾನು ಮಾಡ್ದಿದ್ರೆ ಪಕ್ಕದ ಶೆಡ್ಡಿನವನು ಮಾಡ್ತಾನೆ."

"ನಮ್ಮ ಗಾಡಿ?"

ಗೋಣಿಚೀಲದ ಬಾಯಿ ಮತ್ತೆ ಕಟ್ಟತೊಡಗಿದ.

"ಯಾವೋರ್, ನಮ್ಮ ಗಾಡಿ?"

"ಹೋದ ವರ್ಷವೇ."

ದಿನಾ ಬೆಳಿಗ್ಗೆ ಅವಳಿಗೆ ಚಳಿಯಾಗಬಾರದೆಂದು ಹತ್ತು ನಿಮಿಷ ಮೊದಲೇ ಕೆಳಗೆ ಹೋಗಿ ಕಾರು ಶುರು ಮಾಡುತ್ತಾನೆ. ನಮ್ಮದು ಮೊದಲನೇ ಮಹಡಿ. ಕಾರು ನಿಲ್ಲುವುದು ಅವಳ ಮಲಗುವ ಕೋಣೆಯ ಕಿಟಕಿಯ ಕೆಳಗೆ.

"ಮಗು ಮಾಸ್ಕ್ ಹಾಕ್ಕೊಂಡಿತ್ತು. ಡಾಕ್ಟರು ಎರಡೆರಡು ಸಲ ಕೇಳಿದ್ರು. ಆಗಲೂ ಬೆಟ್ಟ ಅಂದೆ ನೀನು."

"ಮುಂದಿನ ವಾರದಿಂದ ನಿಲ್ಲಿಸ್ಬೇಕು ಅಂತಿದ್ದೆ."

"ಅಜ್ಜಿ ಹೊಗೆ ತೋರಿಸ್ದವನು ನೀನೇ."

"ಅದೂ ಹೊಗೆನೇ ತಾನೇ" ಎಂದ. ಅದನ್ನೂ ನಿಜವಾಗಿ ನಂಬಿದ್ದ.

ಜನವರಿ ೨೫, ಶುಕ್ರವಾರ

ನೆವೆನಾಳನ್ನು ಮನೆಗೆ ಕರೆತಂದೆ, ಬಸ್ಸಿನಲ್ಲಿ. ಕಾರೆಲ್ಲಿ ಎಂದು ಅವಳು ಕೇಳಲಿಲ್ಲ. ಶೂ ಬಿಚ್ಚುತ್ತ ತಾನಾಗಿಯೇ ಹೇಳಿದಳು.

"ಅಮ್ಮಂಗೆ ಹೇಳ್ಬೇಡ, ಬೇಜಾರು ಮಾಡ್ಕೋತಾಳೆ ಅಂದ್ರು ಅಪ್ಪ. ನಾನು ಪ್ರಾಮಿಸ್ ಮಾಡಿದ್ದೆ."

"ಉಸಿರು ಕಟ್ಟಿದಾಗಲೂ ಹೇಳ್ಬೇಕು ಅನ್ನಿಸ್ಲಿಲ್ವಾ?"

"ಹೇಳಿದ್ರೆ ನೀನು ಅಪ್ಪಂಗೆ ಬೈತಿದ್ದೆ."

ಮೂರೂ ಜನ ಒಂದೇ ಮೇಜಿಗೆ ಕೂತು ತಿಂಗಳುಗಟ್ಟಲೆ ಊಟ ಮಾಡಿದ್ದೇವೆ. ಅಲ್ಲಿ ಗೊತ್ತಿಲ್ಲದವಳು ನಾನೊಬ್ಬಳೇ.

ಜನವರಿ ೨೭, ಭಾನುವಾರ

೨೨೫.

ನಿನ್ನೆ ಮಧ್ಯಾಹ್ನ ಯಾವೋರ್ ಖುಷಿಯಾಗಿ ಮೇಲೆ ಬಂದ. ನಮ್ಮ ಕಾರಿಗೆ ಹೊಸ ಫಿಲ್ಟರ್ ಹಾಕಿದ್ದಾನಂತೆ. "ಕೆಳಗೆ ಬಂದು ನೋಡು, ಹೊಗೆ ಕೊಳವೆಗೆ ಬಿಳಿ ಕರ್ಚೀಫ್ ಹಿಡಿದ್ರೂ ಕಪ್ಪಾಗಲ್ಲ."

"ಬೇರೆಯವರ ಗಾಡಿಗಳು?"

"ಅವರ ಗಾಡಿ ವಿಷಯ ನನಗ್ಯಾಕೆ ಹೇಳ್ತೀಯ? ನಮ್ಮ ಮಗು ಅವರ ಗಾಡೀಲಿ ಹೋಗುತ್ತಾ?"

ಅವನು ತಮಾಷೆ ಮಾಡುತ್ತಿಲ್ಲ ಎಂದು ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು. ಆ ಕೆಲಸ ಬಿಡುವವರೆಗೆ ನಿನ್ನ ಅಮ್ಮನ ಮನೆಯಲ್ಲಿರು ಎಂದೆ. ಬಟ್ಟೆ ತುಂಬಿಕೊಂಡು ಹೋದ. ನೆವೆನಾ ಕೋಣೆಯ ಬಾಗಿಲು ಹಾಕಿಕೊಂಡಳು.

ಫೆಬ್ರವರಿ ೧

೨೩೫. ನೆವೆನಾ ಇನ್ನೂ ನನ್ನ ಜೊತೆ ಮಾತಿಲ್ಲ.

ಫೆಬ್ರವರಿ ೫, ಮಂಗಳವಾರ

ಡಾಕ್ಟರ್ ಪೆಂಚೆವಾಗೆ ಎಲ್ಲ ಹೇಳಿದೆ. ಅವರು ಬರೆದುಕೊಂಡರು. ಬೈದಿದ್ದರೆ ವಾಸಿಯಿತ್ತು.

ವಾಪಸು ಬರುವಾಗ ತ್ಸೋನಾ ಅಜ್ಜಿಯ ಗೇಟು ತೆಗೆದೆ. ಅಡುಗೆಮನೆಯಲ್ಲಿ ಕೋಟು ಹಾಕಿಕೊಂಡೇ ಕೂತಿದ್ದಳು. ಕೂರು ಎಂದಳು. ನಿಂತೇ ಹೇಳಿದೆ.

"ಅಜ್ಜಿ, ನಗರಸಭೆಗೆ ಫೋನ್ ಮಾಡ್ದವಳು ನಾನು."

"ಗೊತ್ತಮ್ಮ."

"ಹೆಂಗೆ?"

"ಮೀನಿನ ತಟ್ಟೆ ನೀನು ವಾಪಸು ಕೊಡೋಕೆ ಬರ್ಲಿಲ್ಲ. ಮಗೂ ಕೈಲಿ ಕಳಿಸಿದೆ." ಅವಳು ಕೈ ಉಜ್ಜಿಕೊಂಡಳು. "ಹಲಗೆ ಸುಟ್ಟಿದ್ದು ನಿಜ ಕಣಮ್ಮ, ತಪ್ಪೇ. ನನ್ನ ಹೊಗೆ ಕೊಳವೆಯಿಂದ ಮೇಲಕ್ಕೆ ಹೋಗ್ತಿತ್ತು, ಎಲ್ರಿಗೂ ಕಾಣ್ತಿತ್ತು. ಬಾಗಿಲು ತಟ್ಟಿ ಕೇಳಿದ್ರೆ ನಿಲ್ಲಿಸ್ತಿದ್ದೆ. ಕೇಳ್ಬೋದಾಗಿತ್ತು ನೀನು."

ಕ್ಷಮಿಸಿದೆ ಎಂದು ಹೇಳಲಿಲ್ಲ. ಚಹಾ ಕೊಟ್ಟಳು. ಕಿಟಕಿಯ ಸಂದಿಗಳಿಂದ ಗಾಳಿ ಬರುತ್ತಿತ್ತು. ನಾಳೆ ಹೋಗಿ ಪಟ್ಟಿ ಅಂಟಿಸಬೇಕು.

ಫೆಬ್ರವರಿ ೧೪, ಗುರುವಾರ

ನಿನ್ನೆ ಸ್ಕೂಲಿನಲ್ಲಿ ತಾಯಂದಿರ ಸಭೆ. ಒಲೆ ಉರಿಸುವವರ ಹೊಸ ಪಟ್ಟಿಯನ್ನು ಇಸ್ಕ್ರಾ ಓದುತ್ತಿದ್ದಳು. ನಾನು ಎದ್ದು ನಿಂತೆ. ನನ್ನ ಗಂಡ ಏನು ಮಾಡುತ್ತಾನೆ, ನನ್ನ ಮಗಳು ಶನಿವಾರ ಎಲ್ಲಿದ್ದಳು, ನಾನು ಯಾರ ಮೇಲೆ ದೂರು ಕೊಟ್ಟೆ, ಎಲ್ಲ ಹೇಳಿದೆ. ನಮ್ಮ ಕಾರುಗಳನ್ನು ನಾವೇ ಮೊದಲು ಬಿಚ್ಚಿ ನೋಡೋಣ ಎಂದೆ.

ಹೊರಗೆ ಇಸ್ಕ್ರಾ ತೋಳು ಹಿಡಿದು ನಿಲ್ಲಿಸಿದಳು. "ಮನೆ ವಿಷಯ ಇಲ್ಯಾಕೆ ತಂದೆ? ನಮ್ಮ ಗಾಡಿನೂ ಯಾವೋರೇ ಮಾಡಿದ್ದು. ಆ ಕೋಣೆಲಿ ಕೂತವರಲ್ಲಿ ಆರೇಳು ಜನರದ್ದು."

"ನಿನಗೆ ಮೊದಲಿಂದ ಗೊತ್ತಿತ್ತಾ?"

"ನಿನಗೂ ಗೊತ್ತಿದೆ ಅಂತಲೇ ನಾನು ಅಂದ್ಕೊಂಡಿದ್ದೆ" ಎಂದಳು. ದನಿಯಲ್ಲಿ ಸುಳ್ಳಿರಲಿಲ್ಲ. ಗಂಡನ ಕೆಲಸ ಗೊತ್ತಿದ್ದೂ ಅಜ್ಜಿಯ ಮೇಲೆ ದೂರು ಕೊಟ್ಟವಳು ಎಂದೇ ನನಗೆ ಇಷ್ಟು ದಿನ ಶಭಾಷ್ ಅಂದಿದ್ದಾಳೆ.

ಮನೆ ತಲುಪುವಷ್ಟರಲ್ಲಿ ಫೋನಿನ ಗುಂಪಿನಿಂದ ನನ್ನನ್ನು ತೆಗೆದಿದ್ದರು. ಊಟ ಮಾಡಿ ಮಲಗಿದೆ. ಬೆಳಿಗ್ಗೆ ಅಲಾರಂ ಆಗುವವರೆಗೆ ಎಚ್ಚರವಾಗಲಿಲ್ಲ.

ಮಾರ್ಚ್ ೧, ಶುಕ್ರವಾರ

೨೪೫. ನೆವೆನಾ ಮಾರ್ಚ್ ಒಂದಕ್ಕೆ ಕೈಗೆ ಕಟ್ಟುವ ಕೆಂಪು ಬಿಳಿ ದಾರದ ಮಾರ್ತೆನಿತ್ಸಾ ಹೆಣೆದಿದ್ದಾಳೆ. ಒಂದನ್ನು ಅಪ್ಪನಿಗೆಂದು ತೆಗೆದಿಟ್ಟಳು, ಒಂದನ್ನು ತ್ಸೋನಾ ಅಜ್ಜಿಗೆ ಕೊಟ್ಟು ಬಂದಳು. ನನ್ನದನ್ನು ಮೇಜಿನ ಮೇಲೆ ಇಟ್ಟು ಸ್ಕೂಲಿಗೆ ಹೊರಟಳು. ನಾನೇ ಕಟ್ಟಿಕೊಂಡೆ, ಹಲ್ಲಿನಿಂದ ಗಂಟು ಬಿಗಿದು.

ಮಾರ್ಚ್ ೧೭, ಭಾನುವಾರ

೨೫೫.

ಶನಿವಾರದ ಪಾಳಿಯನ್ನು ಬದಲಾಯಿಸಿಕೊಂಡಿದ್ದೇನೆ. ನಿನ್ನೆ ನಾನು, ನೆವೆನಾ ಬಸ್ಸು ಹಿಡಿದು ನಿಜವಾಗಿ ವಿತೋಶಾ ಬೆಟ್ಟಕ್ಕೆ ಹೋಗಿದ್ದೆವು. ಇಳಿಯುವಾಗ ದಾರಿ ಜಾರುತ್ತಿದ್ದ ಕಡೆ ನನ್ನ ಕೈ ಹಿಡಿದುಕೊಂಡಳು, ಸಪಾಟು ಬಂದ ಮೇಲೂ ಸ್ವಲ್ಪ ದೂರ ಬಿಡಲಿಲ್ಲ.

ಇವತ್ತು ಹನ್ನೊಂದಕ್ಕೆ ಯಾವೋರ್ ಮಗಳನ್ನು ಪಾರ್ಕಿಗೆ ಕರೆದೊಯ್ಯಲು ಬಂದ. ಶೂಗಳು ಒದ್ದೆಯಾಗಿದ್ದವು, ಟ್ರಾಮ್ ನಿಲ್ದಾಣದಿಂದ ನಡೆದು ಬಂದಿದ್ದ.

"ಕಾರು ಮಾರಿಬಿಟ್ಟೆ ರೋಸಿ" ಎಂದ, ಬಾಗಿಲಲ್ಲೇ ನಿಂತು. "ನಿನಗೋಸ್ಕರವೇ. ಇನ್ನು ಆ ಕಾರಿನ ಮಾತೇ ಬೇಡ ನಮ್ಮ ಮಧ್ಯೆ."

"ಯಾರಿಗೆ?"

"ಮ್ಲಾದೋಸ್ತ್ ಬಡಾವಣೆ ಕಡೆಯವರಿಗೆ. ಒಳ್ಳೆ ಜನ. ಎರಡು ಸಣ್ಣ ಮಕ್ಕಳು. ಸ್ಕೂಲಿಗೆ ಬಿಡೋಕೆ ಬೇಕಿತ್ತಂತೆ."

"ಹೊಸ ಫಿಲ್ಟರ್ ಸಮೇತ ಕೊಟ್ಟೆಯಾ?"

ಅವನು ನೆವೆನಾಳ ಮುಂದೆ ಮೊಣಕಾಲೂರಿ ಅವಳ ಕೋಟಿನ ಗುಂಡಿ ಹಾಕತೊಡಗಿದ. ಮೇಲಿನಿಂದ ಕೆಳಗೆ, ಒಂದೊಂದಾಗಿ, ನಿಧಾನಕ್ಕೆ. ಹಾಕಿದ ಗುಂಡಿಯನ್ನೇ ಮತ್ತೆ ಸರಿ ಮಾಡಿದ.

"ಅದನ್ನ ಬಿಚ್ಚಿಟ್ಕೊಂಡೆ, ಬೇರೆ ಗಾಡಿಗೆ ಹಾಕೋದಿತ್ತು" ಎಂದ, ತಲೆ ಎತ್ತದೆ. "ಅವರೇನೂ ಕೇಳ್ಲಿಲ್ಲ ರೋಸಿ. ಕೇಳಿದ್ರೆ ಹೇಳ್ತಿದ್ದೆ."

ನೆವೆನಾ ಅಪ್ಪನ ತಲೆಯ ಮೇಲಿಂದ ನನ್ನನ್ನು ನೋಡಿದಳು.

"ಅವರ ವಿಳಾಸ ಕೊಡು" ಎಂದೆ.

"ಯಾಕೆ? ಯಾರಿಗೆ ಫೋನ್ ಮಾಡ್ತೀಯ?"

"ಯಾರಿಗೂ ಇಲ್ಲ. ನಾನೇ ಹೋಗ್ತೀನಿ."

ಅವನು ಮತ್ತೆ ಗುಂಡಿಗೆ ಕೈ ಹಾಕಿದ. ನೆವೆನಾ ಅವನ ಭುಜದ ಮೇಲೆ ಕೈಯಿಟ್ಟು, "ಹೇಳಿ ಅಪ್ಪ" ಎಂದಳು. ಅವನು ಅವಳ ಕೈಯನ್ನು ನೋಡಿದ. ಆಮೇಲೆ ಬೀದಿಯ ಹೆಸರು, ಕಟ್ಟಡದ ನಂಬರ್, ಮಹಡಿ ಹೇಳಿದ. ನಾನು ಕೈಯ ಮೇಲೆಯೇ ಬರೆದುಕೊಂಡೆ.

ನಾಳೆ ನನ್ನದು ಮಧ್ಯಾಹ್ನದ ಪಾಳಿ. ಏಳು ಗಂಟೆಗೆ ಹೊರಟರೆ, ಅವರು ಮಕ್ಕಳಿಗಾಗಿ ಕಾರು ಬಿಸಿ ಮಾಡಲು ಇಳಿಯುವ ಹೊತ್ತಿಗೆ ಅಲ್ಲಿರಬಹುದು.